ಡಿಕ್ಕಿಯಲ್ಲಿ ಬಂದೂಕು ಇಟ್ಟು ಹೊರಡುವ ಮುನ್ನ: ದುರ್ಗ–ದಾವಣಗೆರೆ ಸೀಮೆಯ ಲೈಸೆನ್ಸುದಾರರಿಗೆ ಸಮಗ್ರ ಮಾರ್ಗದರ್ಶಿ

2023ರ ವಿಧಾನಸಭಾ ಚುನಾವಣೆಯ ಸಮಯ. ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಗೆ ತಂದು ಒಪ್ಪಿಸಿ ಅಂತ ಹೇಳಿಕಳಿಸಿದ್ದರು. ನಾನು ಮರುದಿನವೇ ಅಪ್ಪನ ಕಾಲದ ಜೋಡುನಳಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಡಿಕ್ಕಿಗೆ ಹಾಕಿ, ಹಳ್ಳಿಯಿಂದ ಹೊಳಲ್ಕೆರೆ ಕಡೆ ಹೊರಟೆ. ದಾರಿಯಲ್ಲಿ ಚೆಕ್‌ಪೋಸ್ಟ್. ಡಿಕ್ಕಿ ತೆಗೀರಿ ಅಂದರು, ತೆಗೆದೆ. ಲೈಸೆನ್ಸ್ ಎಲ್ಲಿ ಅಂದರು. ಪುಸ್ತಕವನ್ನು ನವೀಕರಣಕ್ಕೆ ಡಿಸಿ ಕಚೇರಿಯಲ್ಲಿ ಕೊಟ್ಟಿದ್ದೆ. ಅದರ ಸ್ವೀಕೃತಿ ಚೀಟಿ ಮನೆಯ ಬೀರುವಿನಲ್ಲಿ ಬೆಚ್ಚಗೆ ಕೂತಿತ್ತು.

"ಸರ್, ಠಾಣೆಗೆ ಒಪ್ಪಿಸೋಕೇ ಹೊರಟಿದ್ದೀನಿ" ಅಂದೆ. "ಎಲ್ಲರೂ ಹಾಗೇ ಹೇಳ್ತಾರೆ, ಯಜಮಾನ್ರೇ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗ ಬೈಕಿನಲ್ಲಿ ಚೀಟಿ ತರುವವರೆಗೆ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತಿದ್ದೆ. ಹೋಗಿಬರುವವರೆಲ್ಲ ಗಾಡಿ ನಿಧಾನ ಮಾಡಿ ನನ್ನ ಮುಖ ನೋಡಿಕೊಂಡು ಹೋದರು.

ಅವತ್ತಿನಿಂದ ಈ ಕಾನೂನನ್ನು ಕೂತು ಓದಿದೆ. ನಮ್ಮ ಕಡೆ ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಹಂದಿ ಕಾಟ. ಹಾಗಾಗಿ ಬೆಳೆ ರಕ್ಷಣೆಯ ಬಂದೂಕು ಇಟ್ಟುಕೊಂಡವರು ಇದ್ದಾರೆ. ಬ್ಯಾಂಕ್ ಕಾವಲಿನವರು, ಅಡಿಕೆ ವ್ಯಾಪಾರದವರು, ಮಿಲಿಟರಿಯಿಂದ ಬಂದವರೂ ಇದ್ದಾರೆ. ಮನೆಯಲ್ಲಿ ಇಡುವುದು ಎಲ್ಲರಿಗೂ ಗೊತ್ತು. ಗಾಡಿಯಲ್ಲಿ ಒಯ್ಯುವಾಗಲೇ ಎಡವುತ್ತಾರೆ.

ಮೊದಲು ತಲೆಯಲ್ಲಿ ಕೂರಬೇಕಾದ ಮಾತು

ಲೈಸೆನ್ಸ್ ಇರುವುದು ಮನುಷ್ಯನಿಗೆ. ಗಾಡಿಗಲ್ಲ, ಮನೆತನಕ್ಕಲ್ಲ, ಬಂದೂಕಿಗೂ ಅಲ್ಲ. ಬಂದೂಕು ಡಿಕ್ಕಿಯಲ್ಲಿ ಮಲಗಿದ್ದರೂ ಕಾನೂನಿನ ಕಣ್ಣಿಗೆ ಅದು ಯಾರದೋ ಒಬ್ಬರ ವಶದಲ್ಲಿ ಇರುತ್ತದೆ. ಆ 'ಯಾರದೋ' ಎನ್ನುವವರ ಹೆಸರು ಲೈಸೆನ್ಸಿನಲ್ಲಿ ಇರಬೇಕು. ಇಷ್ಟು ಹಿಡಿದುಕೊಂಡರೆ ಉಳಿದ ಮುಕ್ಕಾಲು ಪ್ರಶ್ನೆಗೆ ನೀವೇ ಉತ್ತರ ಹೇಳಿಕೊಳ್ಳಬಹುದು.

ನಮಗೆ ಲೆಕ್ಕಕ್ಕೆ ಬರುವುದು ಮುಖ್ಯವಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. 2019ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಮೊದಲು ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಲೈಸೆನ್ಸ್ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷವಾಯಿತು. ಶಿಕ್ಷೆಯೂ ಜಾಸ್ತಿಯಾಯಿತು. ಲೈಸೆನ್ಸ್ ಇಲ್ಲದೆ ಬಂದೂಕು ಅಥವಾ ತೋಟಾ ಇಟ್ಟುಕೊಂಡರೆ, ಒಯ್ದರೆ, 25ನೇ ಕಲಂ ಪ್ರಕಾರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಮೇಲೆ ದಂಡ. ಲೈಸೆನ್ಸ್ ಇದ್ದೂ ಅದರ ಷರತ್ತು ಮುರಿದರೆ 30ನೇ ಕಲಂ: 6 ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡು ಸಾವಿರ ತಾನೇ ಅಂತ ನಗಬೇಡಿ. ಷರತ್ತು ಮುರಿದವರ ಲೈಸೆನ್ಸನ್ನೇ ಅಮಾನತು ಮಾಡಲು, ರದ್ದು ಮಾಡಲು 17ನೇ ಕಲಂನಲ್ಲಿ ಅಧಿಕಾರವಿದೆ. ನಿಜವಾದ ಪೆಟ್ಟು ಬೀಳುವುದು ಅಲ್ಲಿ.

ಹಂತ 1: ಪುಸ್ತಕ ಮತ್ತು ಬಂದೂಕು ಎರಡನ್ನೂ ಮುಂದಿಟ್ಟುಕೊಂಡು ಕೂರಿ

ಹೊರಡುವ ಹಿಂದಿನ ದಿನ ಸಂಜೆ ಹತ್ತು ನಿಮಿಷ ಸಾಕು. ಲೈಸೆನ್ಸ್ ತೆರೆದು ಐದು ವಿಷಯ ನೋಡಿ.

ಒಂದು, ಅವಧಿ ಯಾವತ್ತು ಮುಗಿಯುತ್ತದೆ. ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಬಂದೂಕು ಒಯ್ದರೆ ಲೈಸೆನ್ಸ್ ಇಲ್ಲದವರ ಸಾಲಿಗೇ ಸೇರುತ್ತೀರಿ. ನವೀಕರಣದ ಅರ್ಜಿಯನ್ನು ಎರಡು ತಿಂಗಳಿಗೂ ಮುಂಚೆಯೇ ಕೊಟ್ಟುಬಿಡಿ. ಸ್ವೀಕೃತಿ ಚೀಟಿಯ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಬಂದೂಕಿನ ಕವರಿನೊಳಗೇ ಇಡಿ. ನನ್ನ ಬಿಸಿಲಿನ ಕಥೆ ನೆನಪಿದೆಯಲ್ಲ?

ಎರಡು, ಬಂದೂಕಿನ ನಂಬರು. ಇದನ್ನು ಯಾರೂ ನೋಡುವುದೇ ಇಲ್ಲ. ಪುಸ್ತಕದಲ್ಲಿ ಬರೆದ ನಂಬರು, ಬಂದೂಕಿನ ಮೇಲೆ ಕೆತ್ತಿದ ನಂಬರು ಒಂದೇ ಇದೆಯಾ ಅಂತ ಟಾರ್ಚ್ ಹಿಡಿದು ಓದಿ. ಹಳೆಯ ಬಂದೂಕುಗಳಲ್ಲಿ ಅಂಕಿ ಸವೆದು 3 ಯಾವುದು, 8 ಯಾವುದು ಅಂತ ಗೊತ್ತಾಗುವುದಿಲ್ಲ. ನನ್ನ ಜೋಡುನಳಿಗೆಯಲ್ಲಿ ತುಕ್ಕಿನ ಕೆಳಗೆ ಕೊನೆಯ ಅಂಕಿ ಮುಚ್ಚಿಹೋಗಿತ್ತು. ಹಳೇ ಬನಿಯನ್ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ನಿಧಾನಕ್ಕೆ ಉಜ್ಜಿದ ಮೇಲೆ ಕಂಡಿತು. ಅರ, ಮರಳು ಕಾಗದ ಮುಟ್ಟಿಸಬೇಡಿ. ನಂಬರು ಅಳಿಸುವುದೇ ಒಂದು ಅಪರಾಧ. ತಾಳೆ ಆಗದಿದ್ದರೆ ದಾರಿಯಲ್ಲಿ ವಾದ ಮಾಡುವ ಬದಲು ಮೊದಲೇ ಡಿಸಿ ಕಚೇರಿಗೆ ಬರೆದು ತಿದ್ದಿಸಿಕೊಳ್ಳಿ.

ಮೂರು, ತೋಟಾ ಎಷ್ಟು ಇಟ್ಟುಕೊಳ್ಳಬಹುದು ಅಂತ ಬರೆದಿರುವ ಸಂಖ್ಯೆ. ಅದಕ್ಕಿಂತ ಒಂದೂ ಜಾಸ್ತಿ ಇರಬಾರದು.

ನಾಲ್ಕು, ಲೈಸೆನ್ಸ್ ಎಲ್ಲಿಯವರೆಗೆ ಊರ್ಜಿತ: ಜಿಲ್ಲೆಗಾ, ಕರ್ನಾಟಕಕ್ಕಾ, ಇಡೀ ದೇಶಕ್ಕಾ. ಇದರ ಬಗ್ಗೆ ಮುಂದೆ ಇನ್ನೂ ಹೇಳುವುದಿದೆ.

ಐದು, ಯುಐಎನ್ ಸಂಖ್ಯೆ. ಲೈಸೆನ್ಸುದಾರರ ರಾಷ್ಟ್ರೀಯ ದತ್ತಾಂಶದಲ್ಲಿ ನಿಮ್ಮ ಹೆಸರು ಸೇರಿದೆ ಎನ್ನುವುದಕ್ಕೆ ಗುರುತು ಅದು. ಹಳೇ ಪುಸ್ತಕದಲ್ಲಿ ಇದು ಇಲ್ಲದಿದ್ದರೆ ಬಂದೂಕನ್ನು ಮನೆಯಿಂದ ಹೊರಗೆ ತೆಗೆಯಬೇಡಿ, ಮೊದಲು ಡಿಸಿ ಕಚೇರಿಯಲ್ಲಿ ಕೇಳಿ.

ನಮ್ಮ ಸೀಮೆಯವರಿಗೆ ಒಂದು ವಿಶೇಷ ತೊಡಕಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚಿನ ಪುಸ್ತಕಗಳ ಮೇಲೆ ಚಿತ್ರದುರ್ಗದ ಮೊಹರು ಇದೆ. ಚನ್ನಗಿರಿ, ಹೊನ್ನಾಳಿಯವರದ್ದು ಶಿವಮೊಗ್ಗದ್ದು. ಹರಪನಹಳ್ಳಿಯವರ ಪಾಡು ಕೇಳಲೇಬೇಡಿ: ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರಕ್ಕೆ. ಅಪ್ಪ, ಅಜ್ಜನ ಕಾಲದ ಕಡತ ಈಗ ಯಾವ ಡಿಸಿ ಕಚೇರಿಯ ಕಪಾಟಿನಲ್ಲಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಚೆಕ್‌ಪೋಸ್ಟಿನವರು ಫೋನ್ ಮಾಡಿ ವಿಚಾರಿಸಿದಾಗ "ಈ ಹೆಸರು ನಮ್ಮಲ್ಲಿಲ್ಲ" ಅನ್ನುವ ಉತ್ತರ ಬರಬಾರದು.

ಹಂತ 2: ಯಾಕೆ ಒಯ್ಯುತ್ತಿದ್ದೀರಿ?

ಸುಮ್ನೆ ಗಾಡಿಯಲ್ಲಿ ಇರಲಿ ಅನ್ನುವುದು ಕಾರಣವಲ್ಲ. ಲೈಸೆನ್ಸಿನಲ್ಲಿ ಉದ್ದೇಶ ಬರೆದಿರುತ್ತದೆ: ಆತ್ಮರಕ್ಷಣೆ, ಬೆಳೆ ರಕ್ಷಣೆ, ಕ್ರೀಡೆ ಹೀಗೆ. ಆ ಉದ್ದೇಶಕ್ಕೆ, ಪ್ರಾಮಾಣಿಕವಾಗಿ, ಒಯ್ಯಬೇಕು. ಹಂದಿ ಕಾಯಲು ಕೊಟ್ಟ ಬಂದೂಕನ್ನು ಮದುವೆ ಮೆರವಣಿಗೆಗೆ ತಂದರೆ ಅದು ಷರತ್ತಿನ ಉಲ್ಲಂಘನೆ. ಅಲ್ಲಿ ಗಾಳಿಗೆ ಒಂದು ಗುಂಡು ಹಾರಿಸಿದರೆ 2019ರ ತಿದ್ದುಪಡಿಯಲ್ಲಿ ಅದಕ್ಕೆಂದೇ ಬೇರೆ ಶಿಕ್ಷೆ ಇದೆ. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎಲ್ಲರೂ ಮರೆಯುವ ಇನ್ನೊಂದು ಷರತ್ತು ಅದೇ ಪುಸ್ತಕದಲ್ಲಿದೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಬಂದೂಕನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯಬಾರದು. ಈಗ ನಮ್ಮ ಊರುಗಳನ್ನು ನೆನೆಸಿಕೊಳ್ಳಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು, ದಾವಣಗೆರೆ ದುಗ್ಗಮ್ಮನ ಜಾತ್ರೆ, ತರಳಬಾಳು ಹುಣ್ಣಿಮೆ, ಚಿತ್ರದುರ್ಗದ ಗಣಪತಿ ಶೋಭಾಯಾತ್ರೆ. ಡಿಕ್ಕಿಯಲ್ಲಿ ಬಂದೂಕು ಇಟ್ಟುಕೊಂಡು ತೇರಿನ ಬೀದಿಯ ಪಾರ್ಕಿಂಗಿಗೆ ಹೋದರೆ 'ನಾನು ಹೊರಗೆ ತೆಗೆದೇ ಇಲ್ಲ' ಅನ್ನುವ ಸಮಜಾಯಿಷಿ ದುರ್ಬಲ. ಒಯ್ಯಬಾರದು ಅಂದಿದ್ದಾರೆ, ತೋರಿಸಬಾರದು ಅಂತಲ್ಲ.

ದಾವಣಗೆರೆಯಲ್ಲಂತೂ ಎರಡು ಬೀದಿಗೆ ಒಂದು ಕಾಲೇಜು. ರಿಪೇರಿಗೆ ಬಂದೂಕು ಒಯ್ಯುವ ದಿನ ಅದೇ ದಾರಿಯಲ್ಲಿ ಮಗಳನ್ನು ಕಾಲೇಜಿನ ಗೇಟಿನೊಳಗೆ ಬಿಟ್ಟುಬರೋಣ ಅನ್ನಿಸುವುದು ಸಹಜ. ಬೇಡ. ಅವತ್ತು ಅವಳು ಆಟೋದಲ್ಲಿ ಹೋಗಲಿ.

ಹಂತ 3: ಗಾಡಿಯಲ್ಲಿ ಯಾರು ಇರುತ್ತಾರೆ?

ನನ್ನ ಲೆಕ್ಕದಲ್ಲಿ ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳುವ ಜಾಗ ಇದು. 3ನೇ ಕಲಂ ಹೇಳುವುದು ಹೀಗೆ: ಲೈಸೆನ್ಸ್ ಇಲ್ಲದವರು ಬಂದೂಕು ಒಯ್ಯಬಹುದು, ಆದರೆ ಲೈಸೆನ್ಸುದಾರರು ಜೊತೆಯಲ್ಲೇ ಇರಬೇಕು, ಇಲ್ಲವೇ ಅವರ ಲಿಖಿತ ಅಧಿಕಾರ ಪತ್ರ ಕೈಯಲ್ಲಿರಬೇಕು. ಅದೂ ಮೂರೇ ಕೆಲಸಕ್ಕೆ: ರಿಪೇರಿ, ಲೈಸೆನ್ಸ್ ನವೀಕರಣ, ಅಥವಾ ಲೈಸೆನ್ಸುದಾರರ ಸ್ವಂತ ಬಳಕೆ.

ಒಂದು ಸನ್ನಿವೇಶ ಹೇಳುತ್ತೇನೆ. ನೀವು, ನಿಮ್ಮ ಡ್ರೈವರ್, ಸೀಟಿನ ಹಿಂದೆ ಬಂದೂಕು. ಹಿರಿಯೂರು ಹತ್ತಿರ ಹೆದ್ದಾರಿಯ ಹೋಟೆಲಿನಲ್ಲಿ ಇಳಿದು ನೀವು ಊಟಕ್ಕೆ ಹೋದಿರಿ. ಡ್ರೈವರ್ ಪೆಟ್ರೋಲ್ ಹಾಕಿಸಲು ಗಾಡಿ ತೆಗೆದುಕೊಂಡು ಹೋದ. ಆ ಐದು ನಿಮಿಷ ಬಂದೂಕು ಯಾರ ವಶದಲ್ಲಿದೆ? ನಿಮ್ಮ ಸಮಕ್ಷಮ ಇಲ್ಲ, ಪತ್ರವೂ ಇಲ್ಲ. ಅಲ್ಲೇ ತಪಾಸಣೆ ಆದರೆ ಮೊದಲು ಸಿಕ್ಕಿಬೀಳುವವನು ಆ ಪಾಪದ ಹುಡುಗ. ನಿಮ್ಮ ಹೆಸರಿನ ಲೈಸೆನ್ಸ್ ಅವನನ್ನು ಕಾಪಾಡುವುದಿಲ್ಲ.

ಗಾಡಿಯಲ್ಲಿ ಬಂದೂಕು ಇದೆ ಅಂತ ಗೊತ್ತೇ ಇಲ್ಲದೆ ಕೂತವರ ಕಥೆ ಬೇರೆ. 'ವಶ' ಅಂದರೆ ಗೊತ್ತಿದ್ದು, ಹಿಡಿತ ಇಟ್ಟುಕೊಂಡ ವಶ ಆಗಿರಬೇಕು ಅಂತ ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಗ್ಗುಲೂ ಇದೆ: ಬಂದೂಕು ಮೈಮೇಲೆ ಇರದಿದ್ದರೂ, ಬೇರೆಯವರ ಕೈಯಲ್ಲಿದ್ದರೂ, ಅದರ ಮೇಲೆ ನಿಮ್ಮ ಹಿಡಿತ ಇದ್ದರೆ ಅದು ನಿಮ್ಮ ವಶವೇ. ಆದರೆ ಇದೆಲ್ಲ ಕೋರ್ಟಿನಲ್ಲಿ ಸಾಬೀತಾಗುವ ಮಾತು, ರಸ್ತೆ ಬದಿಯಲ್ಲಿ ಅಲ್ಲ. ಜೊತೆಗೆ ಬರುವವರಿಗೆ ಮೊದಲೇ ಹೇಳಿ. ಬೇಡ ಅನ್ನುವವರು ಬಸ್ಸಿಗೆ ಬರಲಿ.

ಮಗನ ಕೈಯಲ್ಲೋ ತಮ್ಮನ ಕೈಯಲ್ಲೋ ರಿಪೇರಿಗೆ ಕಳಿಸುವುದಾದರೆ ಪತ್ರ ಹೀಗಿರಲಿ. ಬಿಳಿ ಹಾಳೆ, ನಿಮ್ಮದೇ ಕೈಬರಹ ಸಾಕು:

"ನಾನು, (ಹೆಸರು, ವಿಳಾಸ), ಲೈಸೆನ್ಸ್ ಸಂಖ್ಯೆ ಹಾಗೂ ಯುಐಎನ್ (…) ಹೊಂದಿರುವವನು. ನನ್ನ ಈ ಲೈಸೆನ್ಸಿಗೆ ಸೇರಿದ 12 ಬೋರ್ ಜೋಡುನಳಿಗೆ ಬಂದೂಕು, ನಂಬರು (…), ಇದನ್ನು ರಿಪೇರಿಗಾಗಿ (ಊರು)ಯಿಂದ (ಊರು) ಪಟ್ಟಣದ (ಅಂಗಡಿ)ಗೆ ಒಯ್ಯಲು ನನ್ನ ಮಗ (ಹೆಸರು, ವಯಸ್ಸು)ನಿಗೆ ದಿನಾಂಕ (…)ರಂದು ಮಾತ್ರ ಅಧಿಕಾರ ಕೊಟ್ಟಿದ್ದೇನೆ. ತೋಟಾ ಕೊಟ್ಟಿರುವುದಿಲ್ಲ. ಸಹಿ, ದಿನಾಂಕ, ಫೋನ್ ನಂಬರು."

'ಮಾತ್ರ' ಅನ್ನುವ ಪದ ಬಿಡಬೇಡಿ. ದಿನಾಂಕ ಇಲ್ಲದ ಪತ್ರವನ್ನು ಯಾವತ್ತು ಬೇಕಾದರೂ ತೋರಿಸಬಹುದು, ಹಾಗಾಗಿ ಅದನ್ನು ಯಾರೂ ನಂಬುವುದಿಲ್ಲ. ಪತ್ರದ ಜೊತೆ ಮೂಲ ಲೈಸೆನ್ಸನ್ನೂ ಕಳಿಸಿ. ಅಂಗಡಿಯಲ್ಲಿ ಬಂದೂಕು ಬಿಟ್ಟುಬಂದರೆ ರಸೀದಿ ತೆಗೆದುಕೊಳ್ಳಲು ಹೇಳಿ. ಎಷ್ಟೇ ಪರಿಚಯದ ಅಂಗಡಿಯಾದರೂ ಸರಿ.

ಹಂತ 4: ಖಾಲಿ ಮಾಡುವುದು

ತೋಟಾ ತುಂಬಿದ ಬಂದೂಕು ಗಾಡಿಯಲ್ಲಿ ಇರಬಾರದು. ಇಲ್ಲಿ ಕಾನೂನಿಗಿಂತ ಮೊದಲು ಜೀವ. ನಮ್ಮ ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಗಾಡಿ ಎಗರುವ ಪರಿ ನಿಮಗೆ ಗೊತ್ತು.

ಮಡಚುವ ಬಂದೂಕಾದರೆ ಕೆಲಸ ಸುಲಭ. ನಳಿಗೆಯ ಬಾಯಿಯನ್ನು ಗೋಡೆ, ಜನ, ದನ ಯಾವುದೂ ಇಲ್ಲದ ಮಣ್ಣಿನ ಕಡೆ ಮಾಡಿ. ಕುದುರೆಯಿಂದ (ಟ್ರಿಗರ್) ಬೆರಳು ದೂರ. ಮೇಲಿನ ಸನ್ನೆ ತಳ್ಳಿ ಬಂದೂಕನ್ನು ಮಡಚಿ. ತೋಟಾ ಇದ್ದರೆ ತೆಗೆಯಿರಿ. ಆಮೇಲೆ ಕಣ್ಣಲ್ಲಿ ನೋಡಿದ್ದು ಸಾಲದು, ತೋಟಾ ಕೂರುವ ಎರಡೂ ಕೋಣೆಯೊಳಗೆ ಕಿರುಬೆರಳು ಹಾಕಿ ನೋಡಿ. ಮಂದ ಬೆಳಕಿನಲ್ಲಿ ತೋಟಾದ ಹಿತ್ತಾಳೆ ಬುಡ ಕಪ್ಪಾಗಿದ್ದರೆ ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ. ನಂತರ ನಳಿಗೆಯ ಕೆಳಗಿನ ಮರದ ತುಂಡನ್ನು ಬಿಡಿಸಿ. ಆಗ ನಳಿಗೆ ಹಿಂದಿನ ಮರದಿಂದ ಬೇರೆಯಾಗುತ್ತದೆ. ಎರಡು ತುಂಡಾದ ಬಂದೂಕು ಮೂರಡಿ ಚೀಲದಲ್ಲಿ ಹಿಡಿಸುತ್ತದೆ. ಡಿಕ್ಕಿ ತೆಗೆಸಿದ ಪೊಲೀಸರಿಗೂ ಒಂದೇ ನೋಟಕ್ಕೆ ಇದು ಹಾರಿಸುವ ಸ್ಥಿತಿಯಲ್ಲಿಲ್ಲ ಅಂತ ತಿಳಿಯುತ್ತದೆ.

ಮದ್ದು ಜಡಿಯುವ ನಾಡಬಂದೂಕಾದರೆ ಜಾಸ್ತಿ ಎಚ್ಚರ ಬೇಕು. ಅದನ್ನು ನೋಡಿದರೆ ತುಂಬಿದೆಯೋ ಖಾಲಿಯೋ ಗೊತ್ತಾಗುವುದೇ ಇಲ್ಲ. ನಮ್ಮಪ್ಪ ಒಂದು ಉಪಾಯ ಮಾಡಿದ್ದರು. ನಳಿಗೆ ಖಾಲಿ ಇದ್ದಾಗ ಜಡಿಯುವ ಕಡ್ಡಿಯನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಕಡ್ಡಿಯ ಮೇಲೆ ಕೆಂಪು ದಾರ ಸುತ್ತಿದ್ದರು. ಆಮೇಲೆ ಯಾವಾಗ ಕಡ್ಡಿ ಇಳಿಸಿದರೂ ದಾರ ಬಾಯಿಯ ಮಟ್ಟಕ್ಕೆ ಬಂದರೆ ಖಾಲಿ. ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಮದ್ದಿದೆ. ಹೀಗೆ ನೋಡುವಾಗ ಮುಖ, ಎದೆ ನಳಿಗೆಯ ನೇರಕ್ಕೆ ಇರಬಾರದು. ಮದ್ದಿಗೆ ಕಿಡಿ ಹತ್ತಿಸುವ ಕೇಪು ತೆಗೆದರೆ ಖಾಲಿಯಾಯಿತು ಅಂತ ಕೆಲವರು ತಿಳಿದಿದ್ದಾರೆ. ಕೇಪು ತೆಗೆದ ಬಂದೂಕು ಕೇಪು ತೆಗೆದ ಬಂದೂಕು ಅಷ್ಟೇ, ಮದ್ದು ಒಳಗೇ ಇರುತ್ತದೆ. ತುಂಬಿದ್ದು ತೆಗೆಯಲು ಬಾರದಿದ್ದರೆ ಬಂದೂಕಿನ ಕೆಲಸ ಗೊತ್ತಿರುವವರನ್ನು ಮನೆಗೇ ಕರೆಸಿ. ತುಂಬಿದ್ದನ್ನೇ ಗಾಡಿಯಲ್ಲಿ ಹಾಕಿಕೊಂಡು ಅವರ ಹತ್ತಿರ ಹೋಗಬೇಡಿ.

ಹಂತ 5: ಗಾಡಿಯಲ್ಲಿ ಎಲ್ಲಿಡಬೇಕು

ಬಂದೂಕು ಕವರಿನಲ್ಲಿ, ಡಿಕ್ಕಿಯಲ್ಲಿ, ಬೀಗದ ಒಳಗೆ. ತೋಟಾ ಬೇರೆ ಡಬ್ಬಿಯಲ್ಲಿ, ಬೇರೆ ಕಡೆ. ಲೈಸೆನ್ಸ್ ಮಾತ್ರ ನಿಮ್ಮ ಜೇಬಿನಲ್ಲಿ. ಪುಸ್ತಕವನ್ನೂ ಬಂದೂಕಿನ ಚೀಲದಲ್ಲೇ ಇಟ್ಟರೆ, ಪೊಲೀಸರು ಕೇಳಿದಾಗ ನೀವು ಬಂದೂಕಿನ ಚೀಲಕ್ಕೆ ಕೈ ಹಾಕಬೇಕಾಗುತ್ತದೆ. ಅದು ಯಾರಿಗೂ ಹಿಡಿಸದ ದೃಶ್ಯ.

ಪಿಸ್ತೂಲು, ರಿವಾಲ್ವರ್ ಇರುವವರು ಹೋಲ್‌ಸ್ಟರಿನಲ್ಲಿ, ಅಂಗಿಯ ಒಳಗೆ, ಹೊರಗೆ ಕಾಣದ ಹಾಗೆ ಇಟ್ಟುಕೊಳ್ಳಲಿ. ಡ್ಯಾಶ್‌ಬೋರ್ಡಿನಲ್ಲಿ ಹಾಕಿ ಗಾಡಿಯನ್ನು ಸರ್ವೀಸಿಗೆ ಬಿಟ್ಟುಬಂದವರನ್ನು ಬಲ್ಲೆ. ಮೆಕ್ಯಾನಿಕ್ ಹುಡುಗ ಡ್ಯಾಶ್‌ಬೋರ್ಡ್ ತೆಗೆದು ನೋಡಿ ಬೆಚ್ಚಿಬಿದ್ದಿದ್ದ.

ನಿಲ್ಲಿಸಿದ ಗಾಡಿಯಲ್ಲಿ ಬಂದೂಕು ಬಿಟ್ಟು ಹೋಗಬೇಡಿ. ಕಳ್ಳತನವಾದರೆ ಹತ್ತಿರದ ಠಾಣೆಗೆ ಕೂಡಲೇ ತಿಳಿಸುವುದು ನಿಮ್ಮ ಹೊಣೆ. ತಡ ಮಾಡಿದಷ್ಟೂ ಪ್ರಶ್ನೆಗಳು ನಿಮ್ಮ ಕಡೆಗೇ ತಿರುಗುತ್ತವೆ. ಬೈಕಿನಲ್ಲಿ ಒಯ್ಯಲು ಯಾವ ಅಡ್ಡಿಯೂ ಬರೆದಿಲ್ಲ, ಆದರೆ ಹೆಗಲಿಗೆ ಬರಿ ಬಂದೂಕು ನೇತುಹಾಕಿಕೊಂಡು ಪೇಟೆ ದಾಟುವ ಕಾಲ ಹೋಯಿತು. ತುಂಡು ಮಾಡಿ ಚೀಲಕ್ಕೆ ಹಾಕಿ.

ಆಯುಧಪೂಜೆ ದಿನ ಬಾನೆಟ್ ಮೇಲೆ ಬಂದೂಕು ಇಟ್ಟು ಕುಂಕುಮ ಹಚ್ಚಿ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವವರಿಗೆ ಒಂದು ಮಾತು. ಪೂಜೆ ಮನೆಯೊಳಗೇ ಆಗಲಿ. ಗಾಡಿಗೆ ನಿಂಬೆಹಣ್ಣು ಸಾಕು.

ಹಂತ 6: ದಾರಿ ಆರಿಸುವುದು

ಈಗ ಊರ್ಜಿತ ಪ್ರದೇಶದ ಮಾತಿಗೆ ಬರೋಣ. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ರಾಜ್ಯದ ಗಡಿಯೇ ಕೊನೆ. ಮೊಳಕಾಲ್ಮುರಿನವರಿಗೆ ಆಂಧ್ರದ ರಾಯದುರ್ಗ ಪಕ್ಕದ ಸಂತೆ ಇದ್ದ ಹಾಗೆ. ಬೀಗರು ಅಲ್ಲೇ, ವ್ಯಾಪಾರ ಅಲ್ಲೇ. ಆದರೆ ಬಂದೂಕಿಗೆ ಅದು ಬೇರೆ ದೇಶವೇ ಸರಿ. ಚಳ್ಳಕೆರೆ, ಹಿರಿಯೂರು ತಾಲ್ಲೂಕಿನ ಗಡಿ ಹಳ್ಳಿಯವರೂ ಇದನ್ನು ನೆನಪಿಡಬೇಕು. ಪಾವಗಡವನ್ನಂತೂ ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿದೆ. ಫೋನಿನ ಮ್ಯಾಪು ಹತ್ತು ನಿಮಿಷ ಉಳಿಸಲು ಯಾವ ರಾಜ್ಯದೊಳಗೆ ಬೇಕಾದರೂ ಕರೆದೊಯ್ಯುತ್ತದೆ. ಅದಕ್ಕೆ ನಿಮ್ಮ ಲೈಸೆನ್ಸ್ ಗೊತ್ತಿಲ್ಲ. ಹೊರಡುವ ಮುಂಚೆ ದಾರಿಯನ್ನು ಬೆರಳಲ್ಲಿ ಎಳೆದು ನೋಡಿ. ಹೊರರಾಜ್ಯಕ್ಕೆ ನಿಜವಾಗಿಯೂ ಒಯ್ಯಬೇಕಾದವರು ಊರ್ಜಿತ ಪ್ರದೇಶ ವಿಸ್ತರಿಸಲು ಮೊದಲೇ ಅರ್ಜಿ ಹಾಕಬೇಕು. ಇಡೀ ದೇಶದ ಊರ್ಜಿತ ಎಲ್ಲರಿಗೂ ಸಿಗುವುದಿಲ್ಲ, ಕಾರಣ ತೋರಿಸಬೇಕು.

ಇನ್ನೊಂದು ಅಪಾಯ ಕಾಡಿನ ದಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಮೊದಲೇ ಲಿಖಿತ ಅನುಮತಿ ಪಡೆಯದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವ ಹಾಗಿಲ್ಲ. ನಮ್ಮಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯ ಇದೆ. ಚಿತ್ರದುರ್ಗದ ಬೆನ್ನಿಗೇ ಜೋಗಿಮಟ್ಟಿ ಇದೆ. ಭಾನುವಾರ ಜೋಗಿಮಟ್ಟಿಗೆ ತಂಪು ಗಾಳಿ ಕುಡಿಯಲು ಹೋಗುವವರು ಡಿಕ್ಕಿಯಲ್ಲಿ ಬಂದೂಕು ಮರೆತಿದ್ದರೆ ಅದು ಮರೆವು ಅಂತ ಅರಣ್ಯದವರು ಯಾಕೆ ನಂಬಬೇಕು? ಗಾಡಿ ನಿಲ್ಲಿಸಿ ಹುಡುಕುವ ಅಧಿಕಾರ ಅವರಿಗೂ ಇದೆ. ಬೇಟೆ ಸಾಬೀತಾದರೆ ಬಂದೂಕಿನ ಜೊತೆ ಗಾಡಿಯೂ ಸರ್ಕಾರದ ಪಾಲಾಗುತ್ತದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಮನೆ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು, 34ನೇ ಕಲಂ ಹಾಗೆ ಹೇಳುತ್ತದೆ. ನಮ್ಮ ಕಡೆ ಇದನ್ನು ಮಾಡಿಸಿದವರು ನನಗಂತೂ ಹೆಚ್ಚು ಸಿಕ್ಕಿಲ್ಲ.

ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಂದೂಕು, ತಲೆಗೆ ಕಟ್ಟುವ ಬ್ಯಾಟರಿ, ರಾತ್ರಿ ಹನ್ನೊಂದು ಗಂಟೆ, ಜೀಪಿನಲ್ಲಿ ನಾಲ್ಕು ಜನ: ಇಷ್ಟು ಒಟ್ಟಿಗೆ ಕಂಡರೆ ಯಾವ ಪುಸ್ತಕ ತೋರಿಸಿದರೂ ಪ್ರಶ್ನೆ ನಿಲ್ಲುವುದಿಲ್ಲ.

ಹಂತ 7: ಗಾಡಿ ನಿಲ್ಲಿಸಿದಾಗ

ಶಸ್ತ್ರಾಸ್ತ್ರ ಕಾಯ್ದೆಯ 23ನೇ ಕಲಂ ಪ್ರಕಾರ ಪೊಲೀಸರು ಆಯುಧಕ್ಕಾಗಿ ಯಾವ ವಾಹನವನ್ನಾದರೂ ನಿಲ್ಲಿಸಿ ಹುಡುಕಬಹುದು. 19ನೇ ಕಲಂ ಪ್ರಕಾರ ಲೈಸೆನ್ಸ್ ತೋರಿಸಿ ಅನ್ನಬಹುದು. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು, ಬಂದೂಕು ವಶಕ್ಕೆ ತೆಗೆದುಕೊಳ್ಳಬಹುದು. ಹೆಸರು ಹೇಳಲು ಒಪ್ಪದಿದ್ದರೆ, ಅಥವಾ ಸುಳ್ಳು ಹೇಳುತ್ತೀರಿ ಅಂತ ಅನುಮಾನ ಬಂದರೆ, ವಾರಂಟ್ ಇಲ್ಲದೆಯೇ ಬಂಧಿಸಬಹುದು. 20ನೇ ಕಲಂ ಇನ್ನೂ ಅಗಲ. ಅನುಮಾನ ಬರುವ ಹಾಗೆ ಆಯುಧ ಸಾಗಿಸುವವರನ್ನು ರೈಲು, ವಾಹನಗಳಲ್ಲಿ ಕೆಲಸ ಮಾಡುವ ಸಿಬ್ಬಂದಿಯೂ ಹಿಡಿಯಬಹುದು.

ನಾನು ಈಗ ಮಾಡುವುದು ಹೀಗೆ. ಗಾಡಿ ಬದಿಗೆ ಹಾಕಿ ಎಂಜಿನ್ ಆರಿಸುತ್ತೇನೆ. ರಾತ್ರಿಯಾದರೆ ಒಳಗಿನ ದೀಪ ಹಚ್ಚುತ್ತೇನೆ. ಎರಡೂ ಕೈ ಸ್ಟೇರಿಂಗ್ ಮೇಲೆ. ಅವರು ಡಿಕ್ಕಿ ತೆಗೆಯುವ ಮುಂಚೆ ನಾನೇ ಹೇಳುತ್ತೇನೆ: "ಸರ್, ಡಿಕ್ಕಿಯಲ್ಲಿ ನನ್ನ ಲೈಸೆನ್ಸ್ ಇರೋ ಬಂದೂಕಿದೆ, ಖಾಲಿ ಇದೆ, ಪುಸ್ತಕ ಜೇಬಿನಲ್ಲಿದೆ, ತೆಗೀಲಾ?" ಅವರು ಹೂಂ ಅಂದ ಮೇಲೆ ಕೈ ಜೇಬಿಗೆ. ಕಂಡುಹಿಡಿದ ಬಂದೂಕಿಗೂ ಹೇಳಿ ತೋರಿಸಿದ ಬಂದೂಕಿಗೂ ಪೊಲೀಸರ ದನಿಯೇ ಬೇರೆ. ಡಿಕ್ಕಿಯನ್ನು ಅವರೇ ತೆಗೆಯಲಿ, ಬಂದೂಕನ್ನು ಅವರೇ ಎತ್ತಲಿ. 'ಹೀಗೆ ಮಡಚಬೇಕು ಸರ್' ಅಂತ ಉತ್ಸಾಹದಿಂದ ತೋರಿಸಲು ಹೋಗಬೇಡಿ.

ವಶಕ್ಕೆ ತೆಗೆದುಕೊಂಡರೆ ಜಗಳ ಬೇಡ. ಮಹಜರು ಆಗಬೇಕು, ಅದರಲ್ಲಿ ಬಂದೂಕಿನ ನಂಬರು, ತೋಟಾ ಎಷ್ಟು, ಬಂದೂಕು ಖಾಲಿ ಇತ್ತು ಎನ್ನುವುದು ಬರಬೇಕು. ಪ್ರತಿ ಕೇಳಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೋ ಮಾಡಬೇಕು. ಆ ವಿಡಿಯೋ ನಿಮಗೂ ಒಳ್ಳೆಯದೇ. ಆಮೇಲಿನದು ವಕೀಲರ ಕೆಲಸ.

ಚುನಾವಣೆ, ಬಂದೋಬಸ್ತಿನ ದಿನಗಳು

ನೀತಿ ಸಂಹಿತೆ ಜಾರಿಯಾದ ಮೇಲೆ ಜಿಲ್ಲಾಧಿಕಾರಿ ಆದೇಶ ಹೊರಡಿಸುತ್ತಾರೆ. ಯಾರ ಬಂದೂಕು ಒಪ್ಪಿಸಬೇಕು ಅಂತ ಪರಿಶೀಲಿಸಲು ಸಮಿತಿ ಇರುತ್ತದೆ. ಬ್ಯಾಂಕ್ ಕಾವಲಿನವರು, ಶೂಟಿಂಗ್ ಕ್ರೀಡಾಪಟುಗಳು ವಿನಾಯಿತಿ ಕೇಳಬಹುದು. ಹಂದಿ ಕಾಟ ಜೋರಿದ್ದರೆ ರೈತರೂ ಅರ್ಜಿ ಕೊಡಬಹುದು, ಸಿಗುವ ಖಾತರಿ ಇಲ್ಲ. ಗಲಭೆಯ ಭಯ ಇದ್ದಾಗ ನಿಷೇಧಾಜ್ಞೆಯಲ್ಲೂ ಆಯುಧ ಒಯ್ಯಬಾರದು ಅಂತ ಬರುತ್ತದೆ. ಹಿಂದೆ 144 ಅನ್ನುತ್ತಿದ್ದೆವಲ್ಲ, ಈಗ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ.

ಒಪ್ಪಿಸಲು ಹೊರಡುವ ಮುಂಚೆ ಠಾಣೆಗೆ ಫೋನ್ ಮಾಡಿ, ಎಷ್ಟು ಗಂಟೆಗೆ ಬರುತ್ತೇನೆ, ಯಾವ ಗಾಡಿ ಅಂತ ಹೇಳಿ. ಆದೇಶದ ಅಥವಾ ನೋಟಿಸಿನ ಪ್ರತಿ ಜೊತೆಗಿರಲಿ. ನೇರ ಠಾಣೆಗೇ ಹೋಗಿ, ಮಧ್ಯೆ ಸಂತೆ, ಬೀಗರ ಮನೆ ಬೇಡ. ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ, ಬಂದೂಕಿನ ಮರ, ನಳಿಗೆ ಯಾವ ಸ್ಥಿತಿಯಲ್ಲಿದೆ ಅಂತ ಅದರಲ್ಲಿ ಬರೆಸಿ. ಎರಡು ತಿಂಗಳು ಕೋಣೆಯ ಮೂಲೆಯಲ್ಲಿ ನಿಂತು ತುಕ್ಕು ಹಿಡಿದು ಬಂದಾಗ ಈ ಒಂದು ಸಾಲು ನೆನಪಾಗುತ್ತದೆ. ಕೊಡುವ ಮುಂಚೆ ನಳಿಗೆಗೆ ಎಣ್ಣೆ ಬಟ್ಟೆ ಆಡಿಸಿ ಕೊಡಿ.

ಜನ ಕೇಳುವ ಬಿಡಿ ಪ್ರಶ್ನೆಗಳು

ಅಪ್ಪ ತೀರಿಕೊಂಡರು, ಬಂದೂಕು ಅಟ್ಟದ ಮೇಲಿದೆ. ಗಾಡಿಯಲ್ಲಿ ಹಾಕಿಕೊಂಡು ಠಾಣೆಗೆ ಕೊಡಲಾ? ಲೈಸೆನ್ಸುದಾರರು ಹೋದ ಮೇಲೆ ಮನೆಯವರು ತಡ ಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಒಪ್ಪಿಸಬೇಕು, ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ. ಆದರೆ ಹೇಳದೆ ಕೇಳದೆ ಹೊರಡಬೇಡಿ. ಮೊದಲು ಠಾಣೆಗೆ ಮರಣ ಪತ್ರದ ಪ್ರತಿ ಲಗತ್ತಿಸಿ ಬರೆದು ಕೊಡಿ. ಅವರೇ ಬಂದು ಒಯ್ದರೆ ಇನ್ನೂ ಒಳ್ಳೆಯದು. ಆಮೇಲೆ ವಾರಸುದಾರರ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬಹುದು. ತಿಥಿ ಮುಗಿಯಲಿ, ವರ್ಷಾಂತಿಕ ಮುಗಿಯಲಿ ಅಂತ ಕೂತರೆ ಅಷ್ಟು ದಿನವೂ ನಿಮ್ಮ ಮನೆಯಲ್ಲಿ ಲೈಸೆನ್ಸಿಲ್ಲದ ಬಂದೂಕು ಇದ್ದ ಹಾಗೆ.

ಕೊಡಗಿನ ಗೆಳೆಯ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡಿದ್ದಾನಲ್ಲ? ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ ಅದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ವಿನಾಯಿತಿ ಅವನಿಗೆ, ನಿಮಗಲ್ಲ. ಅವನ ಕೋವಿಯನ್ನು ನಿಮ್ಮ ಕಾರಿನಲ್ಲಿ ನೀವೊಬ್ಬರೇ ಒಯ್ದರೆ ಆ ರಕ್ಷಣೆ ನಿಮ್ಮ ಜೊತೆ ಬರುವುದಿಲ್ಲ.

ಏರ್‌ಗನ್? 0.177 ಬೋರಿನ, 20 ಜೌಲ್ ಒಳಗಿನ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಆದರೆ ದೂರದಿಂದ ರೈಫಲ್ಲಿನ ಹಾಗೇ ಕಾಣುತ್ತದೆ. ಬಿಲ್ಲು, ಕಂಪನಿಯ ವಿವರದ ಹಾಳೆ ಜೊತೆಗಿರಲಿ, ಅದನ್ನೂ ಕವರಿನಲ್ಲೇ ಒಯ್ಯಿರಿ.

ವಿಮಾನಕ್ಕೆ? ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಹೋಗುವುದಾದರೆ ಟಿಕೆಟ್ ಮಾಡಿಸುವ ಮುಂಚೆಯೇ ವಿಮಾನ ಕಂಪನಿಯನ್ನು ಕೇಳಿ. ಖಾಲಿ ಬಂದೂಕು ಕೌಂಟರಿನಲ್ಲಿ ಘೋಷಿಸಿ ಲಗೇಜಿಗೆ ಹೋಗಬೇಕು, ಕೈಚೀಲದಲ್ಲಿ ಒಂದು ತೋಟಾವೂ ಇರಬಾರದು. ಹೊಲಕ್ಕೆ ಒಯ್ದ ಬ್ಯಾಗನ್ನೇ ಬೆಂಗಳೂರಿಗೂ ಒಯ್ಯುವ ಅಭ್ಯಾಸ ನಮ್ಮವರಿಗಿದೆ. ಹೊರಡುವ ಮುಂಚೆ ಬ್ಯಾಗನ್ನು ಬುಡಮೇಲು ಮಾಡಿ ಕೊಡವಿ. ಮೂಲೆಯ ಹೊಲಿಗೆಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ತೋಟಾ ಸ್ಕ್ಯಾನರಿನಲ್ಲಿ ಕಾಣುತ್ತದೆ, ಕಾಯ್ದೆಗೆ ತೋಟಾವೂ ಬಂದೂಕಿನಷ್ಟೇ.

ಮನೆ ಬದಲಿಸಿದರೆ? ದುರ್ಗದಿಂದ ದಾವಣಗೆರೆಗೆ 30 ದಿನಕ್ಕಿಂತ ಜಾಸ್ತಿ ಕಾಲಕ್ಕೆ ವಾಸ ಬದಲಿಸಿ ಬಂದೂಕನ್ನೂ ಒಯ್ದರೆ, 30 ದಿನದೊಳಗೆ ಹೊಸ ಜಾಗದ ಲೈಸೆನ್ಸ್ ಅಧಿಕಾರಿಗೆ ಬರೆದು ತಿಳಿಸಬೇಕು. ಕೇಳಿದರೆ ಪುಸ್ತಕ, ಬಂದೂಕು ಎರಡನ್ನೂ ತೋರಿಸಬೇಕು. ಸಾಮಾನು ಸಾಗಿಸುವ ಲಾರಿಗೆ ಮಾತ್ರ ಬಂದೂಕು ಹಾಕಬೇಡಿ. ಮಂಚ, ಬೀರು, ಪಾತ್ರೆ ಅವರು ಒಯ್ಯಲಿ, ಬಂದೂಕು ನಿಮ್ಮ ಜೊತೆ ನಿಮ್ಮ ಗಾಡಿಯಲ್ಲೇ ಬರಲಿ.